ಚಳಿಗಾಲದ ಜೇನು ಪೆಟ್ಟಿಗೆ: ಇಲಿ ಕೊಂದಿತೋ, ಚಳಿ ಕೊಂದಿತೋ?

ಮಿಷಿಗನ್‌ನಲ್ಲಿ ಜೇನು ಸಾಕಲು ಶುರುಮಾಡಿದ ಮೊದಲ ಚಳಿಗಾಲ ಮುಗಿದಿತ್ತು. ಮಾರ್ಚ್ ತಿಂಗಳ ಒಂದು ಬಿಸಿಲಿನ ಮಧ್ಯಾಹ್ನ ಹಿತ್ತಲಿನ ಪೆಟ್ಟಿಗೆ ತೆರೆದೆ. ಮೊದಲು ಮೂಗಿಗೆ ಬಡಿದದ್ದು ವಾಸನೆ. ಊರಲ್ಲಿ ಅಟ್ಟದ ಮೇಲಿನ ಹಳೇ ಗೋಣಿಚೀಲದಲ್ಲಿ ಇಲಿ ಮರಿ ಹಾಕಿದಾಗ ಬರುತ್ತದಲ್ಲ, ಅದೇ ವಾಸನೆ. ಕೆಳಗಿನ ಕೋಣೆಯಲ್ಲಿ ಮೂರು ಚೌಕಟ್ಟುಗಳ ಎರಿ, ಅಂದರೆ ಹುಳ ಮೇಣದಿಂದ ಕಟ್ಟಿದ ಕಣ್ಣುಕಣ್ಣಿನ ಗೂಡು, ಅರ್ಧಕ್ಕರ್ಧ ಇರಲಿಲ್ಲ. ಆ ಜಾಗದಲ್ಲಿ ಒಣಹುಲ್ಲು, ಎಲೆ, ಮೇಣದ ಚೂರು ಸೇರಿಸಿ ಕಟ್ಟಿದ ಬೆಚ್ಚನೆಯ ಗೂಡು ಇತ್ತು. ಹುಳಗಳು ಸತ್ತಿದ್ದವು. ಇಲಿ ಕೊಂದಿತು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಶಿರಸಿಯಲ್ಲಿ ಆಗ ಬೆಳಗಿನ ಹೊತ್ತು. ಅಪ್ಪಯ್ಯ ತೋಟದಲ್ಲಿ ತುಡುವೆ ಜೇನು ಸಾಕುತ್ತಲೇ ವಯಸ್ಸಾದವರು. ಹಿಮ ಕಂಡವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು. "ಇಲಿ ಒಳಗೆ ಹೊಕ್ಕಾಗ ಹುಳ ಏನು ಮಾಡ್ತಿದ್ವೋ ಮಾರಾಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಮತ್ತೆ ಪೆಟ್ಟಿಗೆ ಬಿಚ್ಚಿ, ಒಂದೊಂದೇ ಚೌಕಟ್ಟು ಹೊರಗೆ ತೆಗೆದು ನೋಡಿದೆ. ಅಂದಿನಿಂದ ಸತ್ತ ಪೆಟ್ಟಿಗೆ ಯಾವುದೇ ಸಿಕ್ಕರೂ ಆ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅಮೆರಿಕ, ಕೆನಡಾ, ಇಂಗ್ಲೆಂಡ್ ಕಡೆ ಹಿತ್ತಲಲ್ಲಿ ಒಂದೆರಡು ಪೆಟ್ಟಿಗೆ ಇಟ್ಟುಕೊಂಡ ನಮ್ಮವರು ಈಗ ಸುಮಾರು ಜನ ಸಿಗುತ್ತಾರೆ. ಅವರಿಗೆ ನೆರವಾಗಲಿ ಅಂತ ಈ ಬರಹ. ಇಲ್ಲಿ ಹೇಳುವುದೆಲ್ಲ ಯುರೋಪಿನ ಮೆಲ್ಲಿಫೆರಾ ಜೇನಿಗೆ, ಕೋಣೆಗಳನ್ನು ಒಂದರ ಮೇಲೊಂದು ಇಡುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗೆ ಸಂಬಂಧಿಸಿದ್ದು.

ಚಳಿಯಲ್ಲಿ ಒಳಗೆ ಏನು ನಡೆಯುತ್ತದೆ

ಇದು ಗೊತ್ತಿಲ್ಲದೆ ದೋಷ ಹುಡುಕುವುದು ಕಷ್ಟ. ಮೆಲ್ಲಿಫೆರಾ ಹುಳಗಳು ಚಳಿಗಾಲದಲ್ಲಿ ನಿದ್ದೆ ಹೋಗುವುದಿಲ್ಲ. ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ ಒಂದಕ್ಕೊಂದು ಅಂಟಿಕೊಂಡು ಉಂಡೆ ಕಟ್ಟುತ್ತವೆ. ರೆಕ್ಕೆ ಬಡಿಯದೆ, ಹಾರಾಟದ ಸ್ನಾಯುಗಳನ್ನಷ್ಟೇ ನಡುಗಿಸಿ ಬಿಸಿ ಹುಟ್ಟಿಸುತ್ತವೆ. ನಡುವೆ ಮೊಟ್ಟೆ ಮರಿ ಇದ್ದರೆ ಅಲ್ಲಿ 35 ಡಿಗ್ರಿಯ ಆಸುಪಾಸು ಇರುತ್ತದೆ. ಉಂಡೆಯ ಹೊರ ಅಂಚಿನಲ್ಲಿ 10 ಡಿಗ್ರಿ ಅಷ್ಟೇ. ಅದಕ್ಕಿಂತ ತಣ್ಣಗಾದರೆ ಅಂಚಿನ ಹುಳ ಮರಗಟ್ಟಿ ಕೆಳಗೆ ಬೀಳುತ್ತದೆ. ಇದಕ್ಕೆಲ್ಲ ಉರುವಲು ಜೇನುತುಪ್ಪ. ತುಪ್ಪ ತಿನ್ನುತ್ತಾ ಉಂಡೆ ನಿಧಾನವಾಗಿ ಮೇಲೆ ಮೇಲೆ ಹತ್ತುತ್ತದೆ.

ಹುಳಗಳು ಬಿಸಿ ಮಾಡುವುದು ಉಂಡೆಯನ್ನು ಮಾತ್ರ. ಪೆಟ್ಟಿಗೆಯ ಉಳಿದ ಜಾಗ ಹೆಚ್ಚುಕಡಿಮೆ ಹೊರಗಿನಷ್ಟೇ ತಣ್ಣಗಿರುತ್ತದೆ. ಅಡಿಮಣೆಯ, ಅಂದರೆ ಪೆಟ್ಟಿಗೆಯ ತಳದ, ಮೂಲೆಯಲ್ಲಿ ಇಲಿ ಗೂಡು ಕಟ್ಟಿದರೆ ಮೇಲಿದ್ದ ಹುಳ ಇಳಿದು ಬಂದು ಕಚ್ಚಲಾರವು. ಬೇಸಿಗೆಯಲ್ಲಾದರೆ ಒಳಗೆ ಹೊಕ್ಕ ಇಲಿಯನ್ನು ಚುಚ್ಚಿ ಕೊಂದೇ ಬಿಡುತ್ತವೆ. ಹೊರಗೆ ಎಳೆದು ಹಾಕಲಾಗದ ಹೆಣಕ್ಕೆ ಮರದ ಅಂಟು, ಅಂದರೆ ಪ್ರೊಪೊಲಿಸ್ ಮೆತ್ತಿ ಕೊಳೆಯದ ಹಾಗೆ ಮುಚ್ಚಿಡುತ್ತವೆ. ಅಪ್ಪಯ್ಯನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನೊಂದು ವಿಷಯ. ಬೇಸಿಗೆಯ ಕೆಲಸಗಾರ ಹುಳ ಬದುಕುವುದು ಐದಾರು ವಾರ. ಆಗಸ್ಟ್ ಕೊನೆಯಿಂದ ಹುಟ್ಟುವ ಚಳಿಗಾಲದ ಹುಳ ಐದಾರು ತಿಂಗಳು ಬದುಕುತ್ತದೆ. ಮೈಯಲ್ಲಿ ಕೊಬ್ಬು ಜಾಸ್ತಿ ಇರುತ್ತದೆ. ಆ ಒಂದು ತಲೆಮಾರು ಗಟ್ಟಿಯಾಗಿ ಹುಟ್ಟಿದರೆ ಮಾತ್ರ ಪೆಟ್ಟಿಗೆ ಮಾರ್ಚ್ ಕಾಣುತ್ತದೆ.

ತೆರೆಯದೆ ಮಾಡುವ ಪರೀಕ್ಷೆಗಳು

ಜನವರಿಯಲ್ಲಿ ಅನುಮಾನ ಬಂತು ಅಂತ ಮುಚ್ಚಳ ತೆಗೆದು ಚೌಕಟ್ಟು ಎತ್ತಬೇಡಿ. ಉಂಡೆ ಒಡೆದರೆ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಎಷ್ಟೋ ಹುಳ ಮರಗಟ್ಟಿರುತ್ತವೆ. ಹೊರಗಿನಿಂದಲೇ ತಿಳಿಯುವುದು ಬೇಕಾದಷ್ಟಿದೆ.

ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಒತ್ತಿ ಬೆರಳಿನಿಂದ ಒಮ್ಮೆ ತಟ್ಟಿ. "ಹುಂ" ಅಂತ ಒಂದು ಸದ್ದು ಎದ್ದು ಕೂಡಲೇ ಅಡಗಿದರೆ ಒಳಗೆ ನೆಮ್ಮದಿ ಇದೆ. ಸದ್ದು ಅಡಗದೆ ನರಳಿದ ಹಾಗೆ ಎಳೆಯುತ್ತಲೇ ಇದ್ದರೆ ರಾಣಿ ಇಲ್ಲದಿರಬಹುದು. ಏನೂ ಕೇಳಿಸದಿದ್ದರೆ ಕೂಡಲೇ ಸತ್ತಿತು ಅಂದುಕೊಳ್ಳಬೇಡಿ. ಉಂಡೆ ಇನ್ನೊಂದು ಬದಿಯಲ್ಲಿರಬಹುದು. ನಾಲ್ಕೂ ಕಡೆ ಕೇಳಿ.

ಆಮೇಲೆ ತೂಕ. ಊರಿಗೆ ಹೊರಡುವಾಗ ಸೂಟ್‌ಕೇಸ್ 23 ಕಿಲೋ ದಾಟಿತೋ ಅಂತ ನೋಡುವ ಕೈತಕ್ಕಡಿ ನಮ್ಮ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಕೊಕ್ಕೆಯನ್ನು ಅಡಿಮಣೆಗೆ ಸಿಕ್ಕಿಸಿ ಒಂದು ಬದಿಯನ್ನು ಬೆರಳಗಲ ಎತ್ತಿ ಓದಿಕೊಳ್ಳಿ. ಆಚೆ ಬದಿಯನ್ನೂ ಹಾಗೇ ಎತ್ತಿ. ಎರಡನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಇಡೀ ತೂಕ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ಫೆಬ್ರವರಿಯಿಂದ ತೂಕ ಬೇಗ ಬೇಗ ಇಳಿಯುತ್ತದೆ. ಆಗ ರಾಣಿ ಮತ್ತೆ ಮೊಟ್ಟೆ ಇಡುತ್ತಿರುತ್ತಾಳೆ, ಮರಿಗಳಿಗೆ ಬಿಸಿ ಬೇಕು, ತುಪ್ಪ ಜಾಸ್ತಿ ಖರ್ಚಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಅಡಿಹಲಗೆ. ಜಾಲರಿಯ ಅಡಿಮಣೆ ಇದ್ದರೆ ಅದರ ಕೆಳಗೆ ಬಿಳಿ ಹಲಗೆ ತೂರಿಸಿ ಎರಡು ವಾರ ಬಿಡಿ. ಹೊರಗೆ ಎಳೆದಾಗ ಪಟ್ಟೆ ಪಟ್ಟೆಯಾಗಿ ನುಣ್ಣನೆಯ ಮೇಣದ ಪುಡಿ ಬಿದ್ದಿರುತ್ತದೆ. ಹುಳ ತುಪ್ಪದ ಮುಚ್ಚಳ ಬಿಚ್ಚುವಾಗ ಉದುರಿದ್ದು. ಐದು ಪಟ್ಟೆ ಕಂಡರೆ ಚೌಕಟ್ಟುಗಳ ನಡುವಿನ ಐದು ಸಂದುಗಳಲ್ಲಿ ಹುಳ ಇವೆ ಅಂತ ಅರ್ಥ. ಪಟ್ಟೆ ವಾರದಿಂದ ವಾರಕ್ಕೆ ಕಡಿಮೆಯಾದರೆ ಉಂಡೆ ಸಣ್ಣದಾಗುತ್ತಿದೆ. ಪುಡಿಯ ಬದಲು ಒರಟು ಚೂರು, ಎರಿಯ ತುಂಡು ಇದ್ದರೆ ಇಲಿ ಹಲ್ಲಿನ ಕೆಲಸ. ಅಕ್ಕಿಕಾಳಿಗಿಂತ ಸಣ್ಣದಾದ ಕಪ್ಪು ಹಿಕ್ಕೆ ಕಂಡರೆ ಅನುಮಾನವೇ ಬೇಡ. ನೀರಿನ ಹನಿಯ ಕಲೆ ಇದ್ದರೆ ತೇವದ ತೊಂದರೆ.

ಬಾಗಿಲ ಮುಂದೆ ಹಿಮದ ಮೇಲೆ ಸತ್ತ ಹುಳ ಬಿದ್ದಿದ್ದನ್ನು ನೋಡಿ ಹೊಸಬರು ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಒಳ್ಳೆಯ ಸುದ್ದಿ. ಬಿಸಿಲು ಬಂದು ಸುಮಾರು 10 ಡಿಗ್ರಿ ಆದಾಗ ಹುಳಗಳು ಹೊಟ್ಟೆ ಖಾಲಿ ಮಾಡಲು ಹಾರುತ್ತವೆ, ಸತ್ತವನ್ನು ಹೊರಗೆ ಹಾಕುತ್ತವೆ. ವಯಸ್ಸಾದವು ಹಿಮದ ಮೇಲೇ ಉಳಿಯುತ್ತವೆ. ಪಕ್ಕದ ಪೆಟ್ಟಿಗೆಯ ಮುಂದೆ ಹೆಣ ಬಿದ್ದು, ಇದರ ಮುಂದೆ ಇಡೀ ಚಳಿಗಾಲ ಒಂದೂ ಬೀಳದಿದ್ದರೆ ಆಗ ಚಿಂತಿಸಿ.

ಇಲಿ ಹೊಕ್ಕಿದ್ದರೆ

ಇಲ್ಲಿ ಮಿಷಿಗನ್ ಕಡೆ ಪೆಟ್ಟಿಗೆಗೆ ನುಗ್ಗುವುದು ಹೆಚ್ಚಾಗಿ ಬಿಳಿಕಾಲಿನ ಇಲಿ ಮತ್ತು ಡಿಯರ್ ಮೌಸ್. ಎರಡೂ ನಮ್ಮೂರ ಚಿಟ್ಟಿಲಿಯಷ್ಟೇ ಇರುತ್ತವೆ. ಅವಕ್ಕೆ ಬೇಕಾದ್ದು ಗಾಳಿ ತಾಗದ ಒಣ ಜಾಗ. ಜೇನು, ಪರಾಗ, ಸತ್ತ ಹುಳ ಅದರ ಮೇಲೆ ಸಿಗುವ ಊಟ. ಸೆಪ್ಟೆಂಬರ್ ಕೊನೆಗೆ ರಾತ್ರಿ ತಂಪಾಗುತ್ತಿದ್ದಂತೆ ಜಾಗ ಹುಡುಕಲು ಶುರುಮಾಡುತ್ತವೆ. ಹುಳ ಉಂಡೆ ಕಟ್ಟಿದ ರಾತ್ರಿ ಸದ್ದಿಲ್ಲದೆ ಒಳಗೆ ಬರುತ್ತವೆ. ನಾವು ಹಿಮ ಬಿದ್ದ ಮೇಲೆ ಎಚ್ಚೆತ್ತುಕೊಂಡರೆ ತಡವಾಗಿರುತ್ತದೆ.

ಹೊರಗಿನ ಗುರುತು: ಬಾಗಿಲಲ್ಲಿ ಹುಲ್ಲಿನ ಎಳೆ ಇಣುಕುವುದು, ಮರದ ಅಂಚು ಕಡಿದು ದೊಡ್ಡದಾಗಿರುವುದು, ಉಚ್ಚೆಯ ವಾಸನೆ. ಹೊಸ ಹಿಮ ಬಿದ್ದ ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಬುಡದವರೆಗೂ ಸಣ್ಣ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಾಣಬಹುದು.

ಗುರುತು ಸಿಕ್ಕ ಕೂಡಲೇ ಓಡಿಹೋಗಿ ಬಾಗಿಲಿಗೆ ತಗಡು ಬಡಿಯಬೇಡಿ. ಇಲಿ ಒಳಗಿದ್ದರೆ ಅದನ್ನು ಊಟದ ಜೊತೆಗೆ ಒಳಗೇ ಕೂಡಿಹಾಕಿದಂತೆ ಆಗುತ್ತದೆ. ಹೊರಗೆ 10 ಡಿಗ್ರಿ ಬರುವ ಒಂದು ಮಧ್ಯಾಹ್ನಕ್ಕೆ ಕಾಯಿರಿ. ಜೊತೆಗೆ ಒಬ್ಬರು ಬೇಕು. ಶುಚಿಯಾದ ಇನ್ನೊಂದು ಅಡಿಮಣೆಯನ್ನು ಪಕ್ಕದಲ್ಲಿ ಸಿದ್ಧ ಇಟ್ಟುಕೊಳ್ಳಿ. ಕೋಣೆಗಳನ್ನು ಬೇರ್ಪಡಿಸದೆ, ಚೌಕಟ್ಟು ಮುಟ್ಟದೆ, ಎರಡನ್ನೂ ಒಟ್ಟಿಗೆ ಹಳೇ ಅಡಿಮಣೆಯಿಂದ ಎತ್ತಿ ಹೊಸದರ ಮೇಲೆ ಇಡಿ. ಇಲಿ ಸಾಮಾನ್ಯವಾಗಿ ಆಗಲೇ ಹಾರಿ ಓಡುತ್ತದೆ. ಎರಿಯ ಒಳಗೆ ಗೂಡು ಸಿಕ್ಕಿಕೊಂಡಿದ್ದರೆ ಕೆಳಗಿನಿಂದ ಕೈಗೆ ಬಂದಷ್ಟು ಎಳೆದುಹಾಕಿ. ಉಳಿದದ್ದು ವಸಂತದಲ್ಲಿ ನೋಡಿಕೊಳ್ಳಬಹುದು. ಬಾಗಿಲಿಗೆ ತಡೆ ಹಾಕುವುದು ಇಷ್ಟಾದ ಮೇಲೆ.

ಗೂಡನ್ನು ಬರಿಗೈಲಿ ಮುಟ್ಟಬೇಡಿ. ದಯವಿಟ್ಟು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉತ್ತರ ಅಮೆರಿಕದ ಡಿಯರ್ ಮೌಸ್ ಹಂಟಾ ವೈರಸ್ ಹೊತ್ತಿರಬಹುದು. ಒಣಗಿದ ಹಿಕ್ಕೆ, ಉಚ್ಚೆಯ ಧೂಳು ಉಸಿರಿಗೆ ಹೋದರೆ ಮನುಷ್ಯರಿಗೆ ಪ್ರಾಣಕ್ಕೇ ಅಪಾಯ. ರಬ್ಬರ್ ಕೈಗವಸು, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹೊರಗೆ ತೆಗೆದ ಗೂಡಿನ ಮೇಲೆ, ಹಳೇ ಅಡಿಮಣೆಯ ಮೇಲೆ ಚಿಮುಕಿಸಿ ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಒರೆಸಿ ತೆಗೆಯಿರಿ. ಒಣ ಪೊರಕೆಯಿಂದ ಗುಡಿಸಲೇಬಾರದು.

ಈಗ ತಡೆ. ಬೇಸಿಗೆಯಲ್ಲಿ ಅಡಿಮಣೆಯ ಬಾಗಿಲು ಮುಕ್ಕಾಲು ಇಂಚು ಎತ್ತರ ಇರುತ್ತದೆ. ಇಲಿಗೆ ಅದು ಹೆಬ್ಬಾಗಿಲು. ಎತ್ತರ 3/8 ಇಂಚು, ಅಂದರೆ ಒಂಬತ್ತೂವರೆ ಮಿಲಿಮೀಟರ್‌ಗೆ ಇಳಿದರೆ ಬೆಳೆದ ಇಲಿಯ ತಲೆ ತೂರುವುದಿಲ್ಲ, ಹುಳ ಸಲೀಸಾಗಿ ಓಡಾಡುತ್ತವೆ. ಪೆಟ್ಟಿಗೆಯ ಜೊತೆ ಬರುವ, ಬಾಗಿಲು ಕಿರಿದು ಮಾಡುವ ಮರದ ರೆಡ್ಯೂಸರ್ ಪಟ್ಟಿಯಲ್ಲಿ ಅಳತೆ ಸರಿಯಾಗೇ ಇರುತ್ತದೆ. ಆದರೆ ಅದು ಮರ. ಇಲಿ ಒಂದೇ ರಾತ್ರಿಯಲ್ಲಿ ಕಡಿದು ದೊಡ್ಡದು ಮಾಡುತ್ತದೆ, ಇಲ್ಲವೇ ಪಟ್ಟಿಯನ್ನೇ ತಳ್ಳಿ ಒಳಗೆ ಹೋಗುತ್ತದೆ. ಅದಕ್ಕೇ ಅದರ ಮುಂದೆ ತೂತಿನ ತಗಡು, ಮೌಸ್ ಗಾರ್ಡ್ ಅನ್ನುತ್ತಾರಲ್ಲ, ಅದನ್ನು ಸ್ಕ್ರೂ ಹಾಕಿ ಬಿಗಿಯಿರಿ. ತಗಡು ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಅರ್ಧ ಇಂಚು ಕಣ್ಣಿನ ತಂತಿ ಜಾಲರಿಯನ್ನು ಮಡಚಿ ಬಾಗಿಲಿಗೆ ತುರುಕಿದರೂ ಆಗುತ್ತದೆ. ತೀರಾ ಎಳೆಯ ಇಲಿ ಅದರಲ್ಲಿ ತೂರಬಹುದು, ಬೆಳೆದದ್ದು ಬರುವುದಿಲ್ಲ. ಕಾಲು ಇಂಚಿನ ಜಾಲರಿ ಬೇಡ, ಹುಳಕ್ಕೇ ದಾಟಲು ಕಷ್ಟ. ಮರದ ಪಟ್ಟಿ ಇಡುವಾಗ ಅದರ ಗಂಡಿ ಮೇಲ್ಮುಖವಾಗಿರಲಿ. ಅಡಿಯಲ್ಲಿ ಸತ್ತ ಹುಳ ರಾಶಿಬಿದ್ದರೂ ದಾರಿ ಕಟ್ಟುವುದಿಲ್ಲ. ತಿಂಗಳಿಗೊಮ್ಮೆ ಬಾಗಿಸಿದ ತಂತಿಯಿಂದ ಆ ಹೆಣಗಳನ್ನು ಕೆದಕಿ ಹೊರಗೆ ಎಳೆಯಿರಿ.

ನಾನು ಇವನ್ನೆಲ್ಲ ಅಕ್ಟೋಬರ್ ಮೊದಲ ವಾರ ಮಾಡುತ್ತೇನೆ. ಅದೂ ಮಧ್ಯಾಹ್ನದ ಹೊತ್ತು, ಪೆಟ್ಟಿಗೆ ಹಿಂದಕ್ಕೆ ವಾಲಿಸಿ ಅಡಿಯಲ್ಲಿ ಯಾರೂ ಬಿಡಾರ ಹೂಡಿಲ್ಲ ಅಂತ ಟಾರ್ಚ್ ಹಾಕಿ ನೋಡಿಯೇ.

ಮೊದಲ ವರ್ಷ ಗಾಳಿ ತಡೆಯಲಿ ಅಂತ ಪೆಟ್ಟಿಗೆಯ ಸುತ್ತ ಒಣಹುಲ್ಲಿನ ಕಟ್ಟು ಜೋಡಿಸಿದ್ದೆ. ಇಲಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಾ? ಹುಲ್ಲಿನಲ್ಲಿ ಬಿಡಾರ, ಒಂದು ಗೇಣು ಆಚೆ ಊಟ. ಈಗ ಗಾಳಿಗೆ ಹಲಗೆ ಬೇಲಿ ಹಾಕಿದ್ದೇನೆ. ಪೆಟ್ಟಿಗೆ ಮೊಣಕಾಲೆತ್ತರದ ಸ್ಟ್ಯಾಂಡ್ ಮೇಲಿದೆ. ಸುತ್ತ ಹುಲ್ಲು ಕತ್ತರಿಸಿ ಬೋಳು ಮಾಡಿದ್ದೇನೆ. ಬಯಲಲ್ಲಿ ಓಡಾಡಲು ಇಲಿ ಹೆದರುತ್ತದೆ.

ಇನ್ನೊಂದು ಪ್ರಾಣಿ ಇದೆ, ಜನ ಅದನ್ನು ಇಲಿ ಅಂದುಕೊಳ್ಳುತ್ತಾರೆ. ಅಡಿಮಣೆಯಲ್ಲಿ ತಲೆಯಿಲ್ಲದ, ಎದೆಭಾಗ ಟೊಳ್ಳಾದ ಹುಳಗಳು ಸಿಕ್ಕಿ, ಹುಲ್ಲಿನ ಗೂಡು ಎಲ್ಲೂ ಕಾಣದಿದ್ದರೆ ಅದು ಸೊಂಡಿಲಿ. ಎರಿ ಕಡಿಯುವುದು ಅದರ ಚಾಳಿಯಲ್ಲ, ಹುಳವನ್ನೇ ತಿನ್ನುತ್ತದೆ. ಸಣ್ಣ ಜಾತಿಯವು 3/8 ಇಂಚಿನ ತೂತಿನಲ್ಲೂ ನುಗ್ಗಬಲ್ಲವು. ಆಗ ಬಾಗಿಲನ್ನು ಒಂದೆರಡು ತೂತಿಗೆ ಇಳಿಸಿ, ಬುಡದ ಕಸ ತೆಗೆದು ಬಯಲು ಮಾಡುವುದೇ ದಾರಿ.

ಚಳಿಯಿಂದ ಸತ್ತವು ಅನ್ನುವ ಮೊದಲು

2019ರ ಜನವರಿ ಕೊನೆಗೆ ಪೋಲಾರ್ ವೋರ್ಟೆಕ್ಸ್, ಅಂದರೆ ಉತ್ತರ ಧ್ರುವದ ಕಡುಚಳಿ ಗಾಳಿ, ಇಳಿದು ಬಂದಾಗ ಇಲ್ಲಿ ಮೈನಸ್ 25 ಡಿಗ್ರಿಯ ಹತ್ತಿರ ಹೋಗಿತ್ತು. ಆ ಚಳಿಯನ್ನೂ ದಾಟಿ ಬಂದ ಪೆಟ್ಟಿಗೆಗಳಿವೆ. ದೊಡ್ಡ ಉಂಡೆ, ತಲೆಯ ಮೇಲೆ ಬೇಕಾದಷ್ಟು ತುಪ್ಪ, ಒಣ ಮೈ, ಈ ಮೂರಿದ್ದರೆ ಹುಳ ಚಳಿ ತಡೆಯುತ್ತವೆ. ಹಾಗಾಗಿ ಸತ್ತ ಪೆಟ್ಟಿಗೆಯಲ್ಲಿ ಈ ಮೂರರಲ್ಲಿ ಯಾವುದು ಇರಲಿಲ್ಲ ಅಂತ ಹುಡುಕಬೇಕು.

ಮೊದಲು ತೇವ. ಹುಳ ಒದ್ದೆಯಾಗಿ ಅಂಟಿಕೊಂಡು ಸತ್ತಿವೆ, ಒಳಮುಚ್ಚಳದ ಅಡಿಯಲ್ಲಿ ಕಪ್ಪು ಬೂಸಲು ಅಥವಾ ಮಂಜಿನ ಪದರ ಇದೆ, ಎರಿಗೂ ಬೂಸಲು ಹಿಡಿದಿದೆ. ಹುಳ ಜೇನು ತಿಂದು ಅರಗಿಸಿದಾಗ ನೀರಾವಿ ಹುಟ್ಟುತ್ತದೆ. ಬಿಸಿ ಗಾಳಿಯ ಜೊತೆ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ, ನೇರ ಉಂಡೆಯ ತಲೆ ಮೇಲೆ ತೊಟ್ಟಿಕ್ಕುತ್ತದೆ. ಅನ್ನದ ಪಾತ್ರೆಯ ತಟ್ಟೆಯಿಂದ ಹನಿ ಬೀಳುವ ಹಾಗೆಯೇ. ಒದ್ದೆಯಾದ ಹುಳ ಆ ಚಳಿಯಲ್ಲಿ ಬದುಕುವುದಿಲ್ಲ.

ಪರಿಹಾರ ಮುಚ್ಚಳದಲ್ಲಿದೆ. ಒಳಮುಚ್ಚಳದ ಮೇಲೆ ಎರಡು ಇಂಚು ದಪ್ಪದ ಫೋಮ್ ಬೋರ್ಡ್ ಇಡಿ. ಮೇಲ್ಭಾಗ ಪಕ್ಕದ ಗೋಡೆಗಿಂತ ಬೆಚ್ಚಗಿದ್ದರೆ ನೀರು ಗೋಡೆಯ ಮೇಲೆ ಕಟ್ಟಿ ಕೆಳಗೆ ಹರಿಯುತ್ತದೆ, ತಲೆ ಮೇಲೆ ಬೀಳುವುದಿಲ್ಲ. ಇಡೀ ಅಡಿಮಣೆ ಹಲಗೆಯದ್ದಾದರೆ ಹಿಂಬದಿಗೆ ಒಂದು ಚಕ್ಕೆ ಇಟ್ಟು ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ನೀರು ಬಾಗಿಲಿಂದ ಹೊರಟುಹೋಗುತ್ತದೆ. ಮೇಲೆ ಗಾಳಿಗಂಡಿ ಬೇಕೋ ಬೇಡವೋ ಅನ್ನುವುದರ ಬಗ್ಗೆ ಜೇನು ಸಾಕುವವರಲ್ಲಿ ಒಮ್ಮತ ಇಲ್ಲ. ನಾನು ಬೆರಳು ಹೋಗುವಷ್ಟು ಒಂದೇ ಗಂಡಿ ಬಿಡುತ್ತೇನೆ. ಕೆಳಗಿನ ಬಾಗಿಲು ಹಿಮದಲ್ಲಿ ಮುಚ್ಚಿದರೂ ಉಸಿರಿಗೆ ದಾರಿ ಇರುತ್ತದೆ. ಆ ಗಂಡಿಗೂ ಜಾಲರಿ ಹಾಕಿ, ಇಲಿ ಗೋಡೆ ಹತ್ತುತ್ತದೆ. ಇನ್ನು ಸುತ್ತ ಕಪ್ಪು ಕಾಗದ ಸುತ್ತುವುದು ಗಾಳಿಗೆ ಒಳ್ಳೆಯದೇ. ಆದರೆ ಗೋಡೆಗೆ ಕಂಬಳಿ ಹೊದಿಸಿ ಮುಚ್ಚಳ ಬರಿದು ಬಿಟ್ಟರೆ ಉಪಯೋಗ ಇಲ್ಲ.

ಆಮೇಲೆ ಹಸಿವು. ಇದರ ಗುರುತು ನೋಡಿದವರು ಮರೆಯುವುದಿಲ್ಲ. ಹುಳಗಳು ಎರಿಯ ಕಣ್ಣುಗಳೊಳಗೆ ತಲೆ ಹೂತು, ಹಿಂಭಾಗ ಮಾತ್ರ ಹೊರಗೆ ಕಾಣುವ ಹಾಗೆ ಸತ್ತಿರುತ್ತವೆ, ಕೊನೆಯ ಹನಿ ನೆಕ್ಕುತ್ತಾ. ಕೆಲವೊಮ್ಮೆ ನಾಲ್ಕು ಬೆರಳು ಆಚೆ ಮುಚ್ಚಿದ ತುಪ್ಪ ಹಾಗೇ ಇರುತ್ತದೆ. ನೋಡಿದಾಗ ಸಂಕಟವಾಗುತ್ತದೆ. ಸಣ್ಣ ಉಂಡೆ ಕಡುಚಳಿಯಲ್ಲಿ ಪಕ್ಕಕ್ಕೆ ಸರಿಯಲಾರದು. ವಾರಗಟ್ಟಲೆ ಬಿಸಿಲು ಬಾರದಿದ್ದರೆ ತುಪ್ಪದ ಪಕ್ಕದಲ್ಲೇ ಹಸಿದು ಸಾಯುತ್ತದೆ.

ಮಿಷಿಗನ್‌ನಂಥ ಜಾಗದಲ್ಲಿ ಎರಡು ದೊಡ್ಡ ಕೋಣೆಯ ಪೆಟ್ಟಿಗೆಗೆ 30ರಿಂದ 40 ಕಿಲೋ ತುಪ್ಪ ಬಿಡಬೇಕು. ಇಂಗ್ಲೆಂಡಿನಲ್ಲಿ 20 ಕಿಲೋ ಸಾಕಾಗುತ್ತದೆ. ಎರಡೂ ಬದಿ ತುಂಬಿದ ದೊಡ್ಡ ಚೌಕಟ್ಟಿನಲ್ಲಿ ಎರಡೂವರೆ ಕಿಲೋದಷ್ಟು ಇರುತ್ತದೆ ಅಂತ ಲೆಕ್ಕ ಹಾಕಿ. ಕಡಿಮೆ ಬಿದ್ದರೆ ಸೆಪ್ಟೆಂಬರ್‌ನಲ್ಲೇ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಪಾಕ ಕೊಡಿ. ಊರಲ್ಲಿ ಮಳೆಗಾಲಕ್ಕೆ ತುಡುವೆಗೆ ಕೊಡುವ ತೆಳು ಪಾಕ ಇಲ್ಲಿ ನಡೆಯುವುದಿಲ್ಲ. ಅದರ ನೀರು ಒಣಗಿಸಲು ಹುಳಕ್ಕೆ ಸಮಯ ಸಿಗುವುದಿಲ್ಲ. ಚಳಿ ಹಿಡಿದ ಮೇಲೆ ಪಾಕವನ್ನು ಮುಟ್ಟುವುದೂ ಇಲ್ಲ. ಜನವರಿಯಲ್ಲಿ ಪೆಟ್ಟಿಗೆ ಹಗುರ ಅನ್ನಿಸಿದರೆ ಒಣ ಸಕ್ಕರೆಯೇ ಗತಿ. ಚೌಕಟ್ಟುಗಳ ನೆತ್ತಿಯ ಮೇಲೆ ಒಂದು ಹಾಳೆ ಪೇಪರ್ ಹಾಸಿ, ಪಕ್ಕದಲ್ಲಿ ಹುಳ ಹತ್ತಿ ಬರಲು ಸಂದು ಬಿಟ್ಟು, ಎರಡು ಕಿಲೋ ಸಕ್ಕರೆ ಸುರಿದು ನೀರು ಚಿಮುಕಿಸಿ. ಮುಚ್ಚಳ ಕೂರಲು ಎರಡು ಇಂಚಿನ ಮರದ ಚೌಕ ಬೇಕು. ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡರೆ ಒಂದು ನಿಮಿಷದ ಕೆಲಸ. ಸಕ್ಕರೆ ಸ್ವಲ್ಪ ತೇವವನ್ನೂ ಹೀರಿಕೊಳ್ಳುತ್ತದೆ.

"ಗೂಡು ಬಿಟ್ಟು ಹೋದವು" ಅನ್ನಿಸಿದಾಗ

ತುಪ್ಪ ತುಂಬಿದೆ, ಹುಳ ಮಾತ್ರ ಇಲ್ಲ. ಅಡಿಯಲ್ಲಿ ಹೆಣವೂ ಹೆಚ್ಚಿಲ್ಲ. ಅಲ್ಲೊಂದು ಮುಷ್ಟಿ ಹುಳ, ಕೆಲವೊಮ್ಮೆ ನಡುವೆ ರಾಣಿ, ಎಲ್ಲ ಸತ್ತಿವೆ. ಮಲೆನಾಡಿನಲ್ಲಿ ಜೇನು ನೋಡಿ ಬೆಳೆದ ನಮಗೆ ಕೂಡಲೇ ಹೊಳೆಯುವುದು, ಹಾರಿಹೋದವು ಅಂತ. ತುಡುವೆ ಹಾಗೆ ಮಾಡುತ್ತದೆ ನಿಜ. ಇರುವೆ ಕಾಡಿದರೆ, ಮೇಣದ ಹುಳು ಹೊಕ್ಕರೆ, ಊಟ ಕಡಿಮೆಯಾದರೆ ಇಡೀ ಸಂಸಾರ ಎದ್ದು ಹೊರಟುಬಿಡುತ್ತದೆ. ಮೆಲ್ಲಿಫೆರಾ ಹಾಗೆ ಬಿಟ್ಟು ಹೋಗುವುದು ಅಪರೂಪ. ತುಪ್ಪ ಇಟ್ಟುಕೊಂಡು ನವೆಂಬರಿನಲ್ಲಿ ಖಾಲಿಯಾದ ಪೆಟ್ಟಿಗೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಹುಳದ ಮೈಗೆ, ಮರಿಗೆ ಅಂಟಿ ಬದುಕುವ ವರೋವಾ ನುಸಿ. ಹುಳ ಒಂದೊಂದೇ ಹೊರಗೆ ಹೋಗಿ ಸತ್ತಿರುತ್ತವೆ.

ಪರೀಕ್ಷೆ ಸುಲಭ. ಮರಿ ಇದ್ದ ಜಾಗದ ಎರಿಯನ್ನು ಬಿಸಿಲಿಗೆ ಹಿಡಿದು, ಕಣ್ಣುಗಳ ಒಳ ಚಾವಣಿ ಕಾಣುವ ಹಾಗೆ ತಿರುಗಿಸಿ. ಉಪ್ಪಿನ ಕಣದಂಥ ಬಿಳಿ ಚುಕ್ಕೆ ಅಂಟಿದ್ದರೆ ಅದು ನುಸಿಯ ಹಿಕ್ಕೆ. ಅಪ್ಪಯ್ಯ ಕೇಳಿದ ಮರುದಿನ ನನ್ನ ಪೆಟ್ಟಿಗೆಯಲ್ಲಿ ಕಂಡದ್ದು ಇದೇ. ಮೇಲಿನ ಕೋಣೆಯಲ್ಲಿ ಐದು ಚೌಕಟ್ಟು ತುಂಬ ತುಪ್ಪ ಹಾಗೇ ಇತ್ತು. ಎರಡು ಚೌಕಟ್ಟಿನ ನಡುವೆ ಕಿತ್ತಳೆಹಣ್ಣಿನಷ್ಟು ಹುಳ. ಅವು ಇದ್ದ ಕಡೆ ಇಲಿಯ ಹಲ್ಲಿನ ಗುರುತು ಒಂದೂ ಇರಲಿಲ್ಲ. ಇಲಿ ಬರುವ ಹೊತ್ತಿಗೆ ಆ ಮನೆ ಆಗಲೇ ಮುಕ್ಕಾಲು ಖಾಲಿಯಾಗಿತ್ತು.

ಈ ನುಸಿ ಮೂಲದಲ್ಲಿ ನಮ್ಮ ಕಡೆಯದು. ಏಷ್ಯಾದ ತುಡುವೆ ಜೇನಿನ ಮೇಲೆ ಬದುಕುತ್ತಿತ್ತು. ತುಡುವೆಗೆ ಅದರ ಜೊತೆ ಬಾಳಿ ಗೊತ್ತು. ಒಂದರ ಮೈಯಿಂದ ಇನ್ನೊಂದು ನುಸಿ ಕಿತ್ತು ಹಾಕುತ್ತದೆ. ನುಸಿ ಮರಿ ಹಾಕುವುದೂ ಹೆಚ್ಚಾಗಿ ಗಂಡುನೊಣದ ಕಣ್ಣುಗಳಲ್ಲಿ ಮಾತ್ರ. ಮೆಲ್ಲಿಫೆರಾಗೆ ಆ ಅಭ್ಯಾಸ ಇಲ್ಲ. ಅಮೆರಿಕದಲ್ಲಿ ನುಸಿ ಮೊದಲು ಸಿಕ್ಕಿದ್ದು 1987ರಲ್ಲಿ. ಊರಿನಿಂದ ಬಂದ ನಮಗೆ ನುಸಿ ಲೆಕ್ಕ ಮಾಡುವ ರೂಢಿ ಇರುವುದಿಲ್ಲ. ಬೇಕೇ ಇರಲಿಲ್ಲ ಅಲ್ವಾ. ಇಲ್ಲಿ ಅದು ಬೇಕೇ ಬೇಕು.

ಆಗಸ್ಟ್‌ನಲ್ಲಿ, ರಾಣಿ ಇಲ್ಲದ ಚೌಕಟ್ಟಿನಿಂದ ಅರ್ಧ ಕಪ್ ಹುಳ ತೆಗೆದುಕೊಳ್ಳಿ. ಸುಮಾರು 300 ಆಗುತ್ತವೆ. ಆಲ್ಕೋಹಾಲಿನಲ್ಲಿ ಅಲುಗಾಡಿಸಿ ಉದುರಿದ ನುಸಿ ಎಣಿಸಿ. ನೂರು ಹುಳಕ್ಕೆ ಎರಡು ಮೂರು ನುಸಿ ದಾಟಿದರೆ ತಡಮಾಡದೆ ಮದ್ದು ಹಾಕಿ. ಚಳಿಗಾಲದ ಹುಳ ಹುಟ್ಟುವ ಸಮಯ ಅದೇ. ನುಸಿ ಕಚ್ಚಿದ ಮರಿ ದೊಡ್ಡದಾದರೂ ಫೆಬ್ರವರಿವರೆಗೆ ಬಾಳುವುದಿಲ್ಲ. ನವೆಂಬರ್ ಕೊನೆಗೆ ಮರಿ ಇಲ್ಲದ ಹೊತ್ತಿನಲ್ಲಿ ಆಕ್ಸಾಲಿಕ್ ಆಮ್ಲ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ. ಆಗ ನುಸಿಗೆ ಬಚ್ಚಿಟ್ಟುಕೊಳ್ಳಲು ಮುಚ್ಚಿದ ಕಣ್ಣುಗಳಿರುವುದಿಲ್ಲ. ಅದರ ಹೊಗೆ ಶ್ವಾಸಕೋಶ ಸುಡುತ್ತದೆ, ಚೀಟಿಯಲ್ಲಿ ಹೇಳಿದ ಮುಖಕವಚ ಹಾಕಿಯೇ ಮಾಡಿ.

ಉಳಿದವು ಕಡಿಮೆ. ಪೆಟ್ಟಿಗೆಯ ಮುಂಭಾಗ, ಚೌಕಟ್ಟಿನ ನೆತ್ತಿ ಎಲ್ಲ ಕಂದು ಗೆರೆಗಳಾಗಿದ್ದರೆ ಭೇದಿ. ಹಾರಲು ಬಿಸಿಲಿಲ್ಲದ ಉದ್ದ ಚಳಿಗಾಲದಲ್ಲಿ ಇದು ಬರುತ್ತದೆ. ಅಕ್ಟೋಬರಿನಲ್ಲೇ ನಾಲ್ಕು ಚೌಕಟ್ಟಿಗಿಂತ ಕಡಿಮೆ ಹುಳ ಇದ್ದ ಸಂಸಾರವನ್ನು, ರೋಗ ಇಲ್ಲ ಅಂತ ಖಾತ್ರಿಯಾದರೆ, ಇನ್ನೊಂದರ ಜೊತೆ ಸೇರಿಸುವುದೇ ಮೇಲು. ಎರಡು ಸಣ್ಣ ಉಂಡೆಗಿಂತ ಒಂದು ದೊಡ್ಡ ಉಂಡೆ ಕಡಿಮೆ ತುಪ್ಪದಲ್ಲಿ ಚಳಿ ಕಳೆಯುತ್ತದೆ.

ಸತ್ತ ಪೆಟ್ಟಿಗೆಯನ್ನು ಏನು ಮಾಡುವುದು

ಸತ್ತದ್ದು ಖಚಿತವಾದ ದಿನವೇ ಬಾಗಿಲು ಪೂರ್ತಿ ಮುಚ್ಚಿ. ಇಲ್ಲದಿದ್ದರೆ ಬಿಸಿಲು ಬಂದ ಕೂಡಲೇ ಪಕ್ಕದ ಹುಳ ಬಂದು ದೋಚುತ್ತವೆ, ರೋಗ ಇದ್ದರೆ ಅದನ್ನೂ ಹೊತ್ತೊಯ್ಯುತ್ತವೆ. ಚೌಕಟ್ಟನ್ನು ಬೇರೆ ಸಂಸಾರಕ್ಕೆ ಕೊಡುವ ಮೊದಲು ಸತ್ತ ಮರಿ ಇರುವ ಕಣ್ಣುಗಳನ್ನು ಬೆಂಕಿಕಡ್ಡಿಯಿಂದ ಕೆದಕಿ ನೋಡಿ. ಕಂದು ಅಂಟು ಬೆರಳಗಲ ದಾರದ ಹಾಗೆ ಎಳೆದು ಬಂದರೆ ಅದು ಮರಿಗಳನ್ನು ಕೊಳೆಸುವ ಅಂಟುರೋಗ ಫೌಲ್‌ಬ್ರೂಡ್ ಇರಬಹುದು. ಆಗ ಏನನ್ನೂ ಮರುಬಳಸಬೇಡಿ, ನಿಮ್ಮ ಪ್ರಾಂತ್ಯದ ಜೇನು ತಪಾಸಣೆಯವರಿಗೆ ತಿಳಿಸಿ. ಹಾಗಿಲ್ಲದಿದ್ದರೆ ತುಪ್ಪದ ಚೌಕಟ್ಟು ಬೇರೆ ಹುಳಗಳಿಗೆ ಊಟವಾಗುತ್ತದೆ. ಇಲಿ ಓಡಾಡಿದ ಎರಿಯ ತುಪ್ಪವನ್ನು ಮನೆಗೆ ಹಿಂಡಬೇಡಿ.

ಇಲಿ ಕಡಿದ ಎರಿಯನ್ನು ಪೂರ್ತಿ ಎಸೆಯಬೇಕಾಗಿಲ್ಲ. ಉಚ್ಚೆ ನೆನೆದ ಭಾಗ, ಚಿಂದಿಯಾದ ಭಾಗ ಕತ್ತರಿಸಿ ತೆಗೆಯಿರಿ. ಉಳಿದದ್ದನ್ನು ಎರಡು ದಿನ ಗಾಳಿಗೆ ಇಟ್ಟು ಮೇ ತಿಂಗಳಲ್ಲಿ ಗಟ್ಟಿ ಸಂಸಾರದ ನಡುವೆ ಒಂದೊಂದಾಗಿ ಕೊಡಿ. ಅವೇ ನೆಕ್ಕಿ ಶುಚಿ ಮಾಡಿ, ಹೊಸ ಮೇಣ ಕಟ್ಟುತ್ತವೆ. ಎಷ್ಟು ತಿಕ್ಕಿದರೂ ವಾಸನೆ ಹೋಗದ ಎರಿಯ ಹತ್ತಿರ ಹುಳ ಸುಳಿಯುವುದಿಲ್ಲ. ಅಂಥದ್ದನ್ನು ಕರಗಿಸಿಬಿಡಿ.

ಬದುಕಿ ಉಳಿದ ಪೆಟ್ಟಿಗೆಗಳಿಗೆ ಹಾಕಿದ ತಗಡನ್ನು ಏಪ್ರಿಲ್‌ನಲ್ಲಿ ಮರೆಯದೆ ತೆಗೆಯಿರಿ. ರೆಡ್ ಮೇಪಲ್, ವಿಲೋ ಹೂಬಿಟ್ಟು ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಬರುವ ಹುಳಕ್ಕೆ ಸಣ್ಣ ತೂತಿನ ಅಂಚು ತಾಗಿ ಪರಾಗ ಉದುರುತ್ತದೆ. ಬಾಗಿಲ ಮುಂದೆ ಹಳದಿ ಉಂಡೆಗಳು ಬಿದ್ದಿದ್ದು ಕಂಡರೆ ತಗಡು ತೆಗೆಯುವ ದಿನ ದಾಟಿತು ಅಂತ ತಿಳಿಯಿರಿ. ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ತಗಡಿನ ಜೊತೆಗೇ ಕಟ್ಟಿಡಿ, ಅಕ್ಟೋಬರಿನಲ್ಲಿ ಹುಡುಕಬೇಕಾಗುವುದಿಲ್ಲ.